ತಪ್ಪು ಉತ್ತರದ ಚರಿತ್ರೆ: ಪಿಯಾಜೆಯ ಹಂತಗಳು ಹುಟ್ಟಿದ ಬಗೆ

ಪ್ಯಾರಿಸ್ಸಿನ ಗ್ರಾಂಜ್-ಓ-ಬೆಲ್ ಬೀದಿಯ ಒಂದು ಶಾಲೆಯಲ್ಲಿ ಆಲ್ಫ್ರೆಡ್ ಬಿನೆ ನಡೆಸುತ್ತಿದ್ದ ಪ್ರಯೋಗಾಲಯವಿತ್ತು. 1905ರಲ್ಲಿ ತಿಯೊಡೋರ್ ಸಿಮೋನ್ ಜತೆ ಸೇರಿ ಮೊದಲ ಬುದ್ಧಿಮಾಪಕವನ್ನು ರೂಪಿಸಿದ ಬಿನೆ 1911ರಲ್ಲಿ ತೀರಿಕೊಂಡರು. 1920ರ ಸುಮಾರಿಗೆ ಅಲ್ಲಿ ಕೆಲಸ ಮಾಡುವ ಅವಕಾಶವನ್ನು ಸಿಮೋನ್ ಸ್ವಿಟ್ಜರ್ಲೆಂಡಿನ ಒಬ್ಬ ತರುಣನಿಗೆ ಕೊಟ್ಟರು. ಆತ ಮನೋವಿಜ್ಞಾನದ ಪದವೀಧರನೇ ಅಲ್ಲ. ಹತ್ತು ವರ್ಷದವನಿದ್ದಾಗಲೇ ಬಿಳಿಗರಿಯ ಗುಬ್ಬಚ್ಚಿಯೊಂದರ ಬಗ್ಗೆ ಟಿಪ್ಪಣಿ ಪ್ರಕಟಿಸಿದ್ದವನು, 1918ರಲ್ಲಿ ಶಂಖದ ಹುಳು, ಬಸವನಹುಳುಗಳಂಥ ಮೃದ್ವಂಗಿಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದವನು. ಹೆಸರು ಜೀನ್ ಪಿಯಾಜೆ.

ವಹಿಸಿದ ಕೆಲಸ ನೀರಸವಾದದ್ದೇ. ಇಂಗ್ಲೆಂಡಿನ ಸಿರಿಲ್ ಬರ್ಟ್ ಸಿದ್ಧಪಡಿಸಿದ ತರ್ಕಪರೀಕ್ಷೆಗಳನ್ನು ಪ್ಯಾರಿಸ್ಸಿನ ಮಕ್ಕಳಿಗೆ ಕೊಟ್ಟು, ಯಾವ ವಯಸ್ಸಿನಲ್ಲಿ ಎಷ್ಟು ಮಕ್ಕಳು ಸರಿ ಹೇಳುತ್ತಾರೆಂದು ಲೆಕ್ಕ ಹಾಕುವುದು. ಸರಿ ಉತ್ತರ ಎಣಿಸಬೇಕಾದವನ ಗಮನ ತಪ್ಪು ಉತ್ತರಗಳ ಕಡೆ ಹೊರಳಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ತುಸು ದೊಡ್ಡವರ ತಪ್ಪಿನ ಜಾಡೇ ಬೇರೆ. ಹಾಗಿದ್ದರೆ ತಪ್ಪೆಂದರೆ ಬರೀ ತಿಳಿವಳಿಕೆಯ ಕೊರತೆಯಲ್ಲ, ಅದಕ್ಕೊಂದು ಒಳಗಟ್ಟು ಇದೆ ಎಂದು ಆತನಿಗೆ ಹೊಳೆಯಿತು. ಮಕ್ಕಳ ಬೌದ್ಧಿಕ ವಿಕಾಸದ ಹಂತಗಳೆಂದು ನಾವು ಇಂದು ಓದುವ ಸಿದ್ಧಾಂತದ ಬೇರು ಇಲ್ಲಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಗೆಂದು ನಾಲ್ಕು ಹಂತ, ನಾಲ್ಕು ವಯೋಮಿತಿ ಎಂದು ಉರು ಹೊಡೆಯುವಾಗ ಈ ಬೇರೇ ಮರೆಯಾಗಿಬಿಡುತ್ತದೆ. ಅದಕ್ಕೇ ಈ ಚರಿತ್ರೆಯನ್ನು ಮತ್ತೆ ಹೇಳಬೇಕೆನಿಸಿತು.

ಬಿನೆಯ ಮನೆಯಿಂದ ಹೊರಟ ಇನ್ನೊಂದು ಕವಲು ನಮ್ಮೂರಿಗೇ ಬಂದಿದೆ. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಬಿನೆಯ ಮಾಪಕವನ್ನು ಸ್ಟ್ಯಾನ್‌ಫರ್ಡಿನಲ್ಲಿ ಪರಿಷ್ಕರಿಸಿದರು. ಅದನ್ನು ಧಾರವಾಡದಲ್ಲಿ ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. 1934ರಲ್ಲಿ ಆ ಬಗ್ಗೆ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಪರದೇಶದ ಪ್ರಶ್ನೆಗಳನ್ನು ಹಾಗೆಯೇ ನಮ್ಮ ಮಕ್ಕಳ ಮುಂದಿಡಬಾರದು ಎಂಬ ಎಚ್ಚರ ಕಾಮತರಿಗೆ ಅಷ್ಟು ಮೊದಲೇ ಇತ್ತು, ಅದು ದೊಡ್ಡ ಮಾತು. ಆದರೂ ಆ ಕವಲಿನ ಲೆಕ್ಕ ಸರಿ ಉತ್ತರದ್ದೇ. ತಪ್ಪಿನ ಕವಲು ಬೇರೆ ದಾರಿ ಹಿಡಿದು ಜಿನೀವಾ ಸೇರಿತು.

1921ರಲ್ಲಿ ಎದ್ವಾರ್ ಕ್ಲಪರೇದ್ ಕರೆದ ಮೇರೆಗೆ ಪಿಯಾಜೆ ಜಿನೀವಾದ ರೂಸೋ ಸಂಸ್ಥೆಗೆ ಹೋದರು. ಮನೋರೋಗ ತಜ್ಞರು ರೋಗಿಯೊಡನೆ ಮಾತಾಡುವ ಕ್ರಮವನ್ನು ಮಕ್ಕಳೊಡನೆ ಬಳಸಿದರು. ಪ್ರಶ್ನೆ ಮೊದಲೇ ಅಚ್ಚಾಗಿರುವುದಿಲ್ಲ. ಮಗುವಿನ ಉತ್ತರದ ಬಾಲ ಹಿಡಿದು ಮುಂದಿನ ಪ್ರಶ್ನೆ ಹುಟ್ಟುತ್ತದೆ. ಸೂರ್ಯನಿಗೆ ಜೀವ ಇದೆಯೇ? ಕನಸು ಎಲ್ಲಿಂದ ಬರುತ್ತದೆ? 1926ರ ಪುಸ್ತಕದಲ್ಲಿ ಈ ಕ್ರಮದ ಅಪಾಯವನ್ನೂ ಅವರೇ ಬಿಡಿಸಿಟ್ಟರು. ಮಗು ಬೇಸರದಿಂದ ಏನೋ ಒಂದು ಹೇಳಬಹುದು, ಕಥೆ ಕಟ್ಟಬಹುದು, ಕೇಳುವವರನ್ನು ಮೆಚ್ಚಿಸಲು ಅವರಿಗೆ ಬೇಕಾದದ್ದನ್ನೇ ಹೇಳಬಹುದು. ಈ ಕೊನೆಯ ಎಚ್ಚರಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅದೇ ಹೊತ್ತಿಗೆ ಅವರ ಮನೆಯಲ್ಲೂ ಮಕ್ಕಳಾದರು: 1925ರಲ್ಲಿ ಜಾಕ್ಲೀನ್, 1927ರಲ್ಲಿ ಲೂಸಿಯೆನ್, 1931ರಲ್ಲಿ ಲೊರಾಂ. ಹೆಂಡತಿ ವ್ಯಾಲೆಂಟೀನ್ ಕೂಡ ರೂಸೋ ಸಂಸ್ಥೆಯಲ್ಲಿ ಕಲಿತವರು. ಈ ಮೂರು ಕೂಸುಗಳನ್ನು ದಿನದಿನವೂ ನೋಡಿ ಬರೆದಿಟ್ಟದ್ದೇ 1936, 1937ರ ಪುಸ್ತಕಗಳಾಯಿತು. ಮಾತು ಬರುವ ಮೊದಲೇ ಕೈ, ಬಾಯಿ, ಕಣ್ಣುಗಳಿಂದ ಮಗು ಯೋಚಿಸುತ್ತದೆ ಎಂಬ ಸಂವೇದನಾ-ಚಾಲಕ ಹಂತದ ವಿವರಣೆ ಅಲ್ಲಿಂದ ಬಂತು.

ಮುಂದಿನ ಹಂತಕ್ಕೆ ಒಂದು ಸಕ್ಕರೆ ಅಚ್ಚು ದಾರಿ ತೋರಿತು. 1932ರಲ್ಲಿ ಜಿನೀವಾಕ್ಕೆ ಬಂದ ಹತ್ತೊಂಬತ್ತರ ಬೇರ್ಬೆಲ್ ಇನ್‌ಹೆಲ್ಡರ್ ಎಂಬ ವಿದ್ಯಾರ್ಥಿನಿಗೆ ಪಿಯಾಜೆ ಹೇಳಿದ್ದಿಷ್ಟು: ಸಕ್ಕರೆಯನ್ನು ನೀರಿಗೆ ಹಾಕಿ, ಅದು ಕರಗುವಾಗ ಏನಾಯಿತೆಂದು ಮಕ್ಕಳನ್ನು ಕೇಳು. ಸಣ್ಣ ಮಕ್ಕಳಿಗೆ ಕಾಣದ ಸಕ್ಕರೆ ಇಲ್ಲವಾದ ಸಕ್ಕರೆ. ದೊಡ್ಡವರು ಅದು ಒಳಗೇ ಇದೆ ಎಂದರು. 1941ರಲ್ಲಿ ಇನ್‌ಹೆಲ್ಡರ್ ಜತೆ ಪ್ರಮಾಣಗಳ ಬಗ್ಗೆ, ಅಲೀನಾ ಶೆಮಿನ್ಸ್ಕಾ ಜತೆ ಸಂಖ್ಯೆಯ ಬಗ್ಗೆ ಪಿಯಾಜೆ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ ಈ ಬಗೆಯ ಪ್ರಯೋಗಗಳು ತುಂಬಿವೆ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮವಾಗಿ ನೀರು. ಒಂದರ ನೀರನ್ನು ಸಪೂರವಾದ ಉದ್ದ ಲೋಟಕ್ಕೆ ಸುರಿಯುತ್ತಾರೆ. ಈಗ ಯಾವುದರಲ್ಲಿ ಜಾಸ್ತಿ? ನಾಲ್ಕೈದು ವರ್ಷದ ಮಗು ಉದ್ದ ಲೋಟಕ್ಕೆ ಬೆರಳಿಡುತ್ತದೆ. ಏಳೆಂಟರ ಮಗು ಎರಡೂ ಒಂದೇ ಎಂದು ಹೇಳಿ, ಕಾರಣವನ್ನೂ ಕೊಡುತ್ತದೆ: ವಾಪಸು ಸುರಿದರೆ ಮೊದಲಿನಷ್ಟೇ ಆಗುತ್ತದಲ್ಲ! ಮನಸ್ಸಿನಲ್ಲೇ ಹಿಂದಕ್ಕೆ ಸುರಿಯಬಲ್ಲ ಈ ಶಕ್ತಿಯೇ ಪಿಯಾಜೆಗೆ ಕಾರ್ಯಪೂರ್ವ ಹಂತಕ್ಕೂ ಮೂರ್ತ ಕಾರ್ಯಗಳ ಹಂತಕ್ಕೂ ನಡುವಿನ ಗಡಿ.

ಆದರೆ ಗಡಿ ಗೆರೆ ಎಳೆದಂತೆ ನೇರವಾಗಿರಲಿಲ್ಲ. ಜೇಡಿಮಣ್ಣಿನ ಉಂಡೆಯನ್ನು ಉದ್ದಕ್ಕೆ ಹೊಸೆದರೂ ಮಣ್ಣು ಅಷ್ಟೇ ಇದೆ ಎಂದು ಏಳೆಂಟರಲ್ಲಿ ಒಪ್ಪಿದ ಮಗು, ಅದರ ತೂಕವೂ ಅಷ್ಟೇ ಎಂದು ಒಪ್ಪಲು ಒಂಬತ್ತು-ಹತ್ತಾಗಬೇಕು. ಅದು ಸರಿಸುವ ನೀರೂ ಅಷ್ಟೇ ಎನ್ನಲು ಹನ್ನೊಂದು-ಹನ್ನೆರಡು. ಒಂದೇ ತರ್ಕ, ಮೂರು ವಯಸ್ಸು. ಈ ಹಿಂದುಮುಂದನ್ನು ಪಿಯಾಜೆಯೇ ದಾಖಲಿಸಿದರು, ಹೆಸರನ್ನೂ ಕೊಟ್ಟರು. ಅದು ಏಕೆ ಹೀಗೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ನನಗೆ ಸಾಲದೆನಿಸುತ್ತದೆ. ಲೋಲಕ ಮೊದಲಾದ ಪ್ರಯೋಗಗಳಿಂದ ಹದಿಹರೆಯದ ಔಪಚಾರಿಕ ಕಾರ್ಯಗಳ ಹಂತವನ್ನು ವಿವರಿಸಿದ ಪುಸ್ತಕ 1955ರಲ್ಲಿ ಬಂತು. ಆ ಹಂತಕ್ಕೆ ಎಲ್ಲರೂ ಒಂದೇ ರೀತಿ ಏರುವುದಿಲ್ಲ, ಅವರವರ ಒಲವು, ಕಸುಬು ಅದನ್ನು ನಿರ್ಧರಿಸಬಹುದು ಎಂದು 1972ರಲ್ಲಿ ಅವರೇ ತಿದ್ದಿಕೊಂಡರು.

ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದ ರಷ್ಯಾದ ಲೆವ್ ವೈಗಾಟ್‌ಸ್ಕಿ ಮೊದಲ ಗಟ್ಟಿ ತಕರಾರು ಎತ್ತಿದವರು. ಮಗು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಪಿಯಾಜೆಗೆ ಅಪಕ್ವತೆಯ ಗುರುತು. ವೈಗಾಟ್‌ಸ್ಕಿಗೆ ಅದು ಯೋಚನೆಯ ಊರುಗೋಲು. ಕ್ಷಯದಿಂದ 37ಕ್ಕೇ ಅವರು ತೀರಿಕೊಂಡರು. ಪಿಯಾಜೆ ಉತ್ತರ ಬರೆಯುವ ಹೊತ್ತಿಗೆ 28 ವರ್ಷ ಕಳೆದಿತ್ತು.

ನೀರಿನ ಲೋಟವನ್ನೇ ಅಲುಗಾಡಿಸಿದ್ದು 1970ರ ದಶಕ. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಒಂದು ಸರಳ ವಿಷಯ ಗಮನಿಸಿದರು. ಇಂಥ ಪ್ರಯೋಗದಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ, ಬದಲಾವಣೆಗೆ ಮುಂಚೆ ಮತ್ತು ಆಮೇಲೆ, ಕೇಳುತ್ತಾರೆ. ದೊಡ್ಡವರು ಕೇಳಿದ್ದನ್ನೇ ಮತ್ತೆ ಕೇಳಿದರೆ ನನ್ನ ಉತ್ತರ ತಪ್ಪಿರಬೇಕು ಎಂದು ಯಾವ ಮಗು ತಾನೇ ಭಾವಿಸದು? ಕೊನೆಯಲ್ಲಿ ಒಂದೇ ಸಲ ಕೇಳಿದಾಗ ತಪ್ಪುಗಳು ಕಡಿಮೆಯಾದವು. ಅದೇ ಕಾಲಕ್ಕೆ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಬಿಲ್ಲೆಗಳ ಎರಡು ಸಾಲು ಜೋಡಿಸಿ, ಸಾಲನ್ನು ಕೆಡಿಸುವ ಕೆಲಸವನ್ನು ತುಂಟ ಕರಡಿಬೊಂಬೆಗೆ ಒಪ್ಪಿಸಿದರು. ದೊಡ್ಡವರು ಬೇಕೆಂದೇ ಸಾಲು ಬದಲಿಸಿದಾಗ 80 ಮಕ್ಕಳಲ್ಲಿ 13 ಮಂದಿ ಸರಿ ಹೇಳಿದರು. ಕರಡಿ ಕೆಡಿಸಿದಾಗ 50 ಮಂದಿ. ಮಗು ಲೆಕ್ಕವನ್ನಷ್ಟೇ ಅಲ್ಲ, ಕೇಳುವವರ ಮನಸ್ಸನ್ನೂ ಓದುತ್ತಿತ್ತು. 1926ರ ಎಚ್ಚರಿಕೆ ಅರ್ಧ ಶತಮಾನದ ನಂತರ ಪಿಯಾಜೆಯ ಬಾಗಿಲಿಗೇ ಮರಳಿ ಬಂದಿತ್ತು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಸೆನೆಗಲ್‌ನ ವೊಲೊಫ್ ಮಕ್ಕಳಲ್ಲಿ ನಡೆಸಿ 1966ರಲ್ಲಿ ಪ್ರಕಟಿಸಿದ ಕೆಲಸ. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಲ್ಲಿ ಹನ್ನೊಂದು ದಾಟಿದವರೂ ಅರ್ಧದಷ್ಟು ಮಂದಿ ನೀರು ಒಂದೇ ಎನ್ನಲಿಲ್ಲ. ನೀವು ಸುರಿದಿರಲ್ಲ, ಅದಕ್ಕೇ ಎಂದು ಕೆಲವರು ಕಾರಣ ಕೊಟ್ಟರು. ಲೋಟವನ್ನು ಮಕ್ಕಳ ಕೈಗೇ ಕೊಟ್ಟು ನೀನೇ ಸುರಿ ಎಂದಾಗ ಸರಿ ಉತ್ತರಗಳು ಹೆಚ್ಚಿದವು. ಇನ್ನೂ ಒಂದು ಸಂಗತಿ ಇದೆ. ಜಾಸ್ತಿ ಇದೆ ಎಂದು ನಿನಗೆ ಏಕೆ ಅನಿಸುತ್ತದೆ ಎಂದು ಕೇಳಿದರೆ ಆ ಮಕ್ಕಳು ಸುಮ್ಮನೆ ನಿಂತುಬಿಡುತ್ತಿದ್ದರು. ಇದರಲ್ಲಿ ಏಕೆ ಜಾಸ್ತಿ ಇದೆ ಎಂದು ನೀರಿನ ಬಗ್ಗೆಯೇ ಕೇಳಿದಾಗ ಸಲೀಸಾಗಿ ಹೇಳಿದರು.

ನಮ್ಮ ಮನೆಗಳ ಮಾತನ್ನು ಕಿವಿಗೊಟ್ಟು ಕೇಳಿದರೆ ಆ ಮೌನ ಅಷ್ಟೇನೂ ದೂರದ್ದಲ್ಲ. ‘ಯಾಕೆ ಹಾಗಂತೀಯ?’ ಎಂದು ಕನ್ನಡದಲ್ಲಿ ದೊಡ್ಡವರು ಮಗುವನ್ನು ಕೇಳಿದರೆ ಅದು ಬಹುಪಾಲು ಗದರಿಕೆ. ಮಗು ತಲೆ ತಗ್ಗಿಸುತ್ತದೆ, ಇಲ್ಲವೇ ಉತ್ತರ ಬದಲಿಸುತ್ತದೆ. ‘ಇದ್ಯಾಕೆ ಹೀಗಾಯ್ತು?’ ಎಂದು ಲೋಟದ ಕಡೆ ಕೈ ತೋರಿಸಿ ಕೇಳಿದರೆ ಅದೇ ಮಗು ಹತ್ತಿರ ಬಂದು, ಬಗ್ಗಿ ನೋಡಿ, ಬಾಯಿ ಬಿಡುತ್ತದೆ.