ಏಳು ಜಲಪಾತಗಳ ಜಲಸಮಾಧಿ

ಜಗತ್ತಿನಲ್ಲಿ ನೋಡಲೇಬೇಕಾದ ಜಲಪಾತಗಳು ಯಾವುವೆಂದು ಕೇಳಿದರೆ ನಯಾಗರ, ವಿಕ್ಟೋರಿಯ, ಏಂಜೆಲ್ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಇವುಗಳಲ್ಲಿ ಏಂಜೆಲ್ ತನ್ನ 979 ಮೀಟರ್ ಎತ್ತರದಿಂದ ಹೆಸರಾಯಿತು. ಆದರೆ ಎತ್ತರವನ್ನು ಬದಿಗಿಟ್ಟು ಧುಮುಕುವ ನೀರನ್ನೇ ಲೆಕ್ಕ ಹಿಡಿದರೆ ಈ ಮೂರನ್ನೂ ಬಹಳ ಹಿಂದೆ ಹಾಕುತ್ತಿದ್ದ ಜಲಪಾತವೊಂದು ದಕ್ಷಿಣ ಅಮೆರಿಕದಲ್ಲಿತ್ತು. ಅದರ ಹೆಸರು ಗ್ವಾಯಿರಾ. ಬ್ರೆಜಿಲಿನವರು ಅದನ್ನು 'ಸೆಟೆ ಕ್ವೆಡಾಸ್', ಅಂದರೆ 'ಏಳು ಜಲಪಾತ' ಎಂದು ಕರೆಯುತ್ತಿದ್ದರು. ಇಂದು ಎಷ್ಟು ಹಣ ಖರ್ಚು ಮಾಡಿದರೂ ಅದನ್ನು ನೋಡಲು ಸಾಧ್ಯವಿಲ್ಲ.

ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳ ಗಡಿಯಲ್ಲಿ ಹರಿಯುವ ಪರಾನಾ ಮಹಾನದಿ. ಗ್ವಾಯಿರಾ ಪಟ್ಟಣದ ಬಳಿ ಅದು ಕಿಲೋಮೀಟರುಗಟ್ಟಲೆ ಅಗಲವಾಗಿ ಹರಡಿಕೊಂಡು ಬಂದು, ಇದ್ದಕ್ಕಿದ್ದಂತೆ ಸುಮಾರು 60 ಮೀಟರಿನಷ್ಟೇ ಅಗಲದ ಕಲ್ಲಿನ ಕಂದರಕ್ಕೆ ನುಗ್ಗುತ್ತಿತ್ತು. ಇರುಕಿಗೆ ಸಿಕ್ಕ ನದಿ ಒಂದೇ ಕಡೆ ಬೀಳದೆ ಏಳು ಗುಂಪುಗಳಾಗಿ ಹದಿನೆಂಟು ಕಡೆ ಧುಮ್ಮಿಕ್ಕುತ್ತಿತ್ತು. ಸೆಕೆಂಡಿಗೆ ಸರಾಸರಿ ಹತ್ತು ಸಾವಿರ ಘನಮೀಟರಿಗೂ ಹೆಚ್ಚು ನೀರು. ನಯಾಗರದ ನಾಲ್ಕು ಪಟ್ಟಿಗೂ ಮಿಗಿಲು. ಭೋರ್ಗರೆತ ಮೂವತ್ತು ಕಿಲೋಮೀಟರ್ ದೂರಕ್ಕೆ ಕೇಳುತ್ತಿತ್ತು ಎನ್ನುವುದು ರೂಢಿಯ ಮಾತು. ಬಂಡೆಯಿಂದ ಬಂಡೆಗೆ ಕಟ್ಟಿದ ತೂಗುಸೇತುವೆಗಳ ಮೇಲೆ ನಿಂತು ಜನ ಈ ನೋಟ ನೋಡುತ್ತಿದ್ದರು. ಪಟ್ಟಣಕ್ಕೆ ಅನ್ನ ಕೊಡುತ್ತಿದ್ದವರಲ್ಲಿ ಈ ಪ್ರವಾಸಿಗರೂ ಇದ್ದರು. 1961ರಲ್ಲಿ ಬ್ರೆಜಿಲ್ ಸರ್ಕಾರ ಇಲ್ಲಿ ರಾಷ್ಟ್ರೀಯ ಉದ್ಯಾನವನ್ನೂ ಸ್ಥಾಪಿಸಿತು.

ಜಲಪಾತಕ್ಕೆ ಕುತ್ತು ಬಂದದ್ದು ಒಂದು ಹಳೆಯ ಗಡಿ ತಂಟೆಯಿಂದ. 1864ರಿಂದ 1870ರವರೆಗೆ ನಡೆದ ಯುದ್ಧದಲ್ಲಿ ಬ್ರೆಜಿಲ್, ಅರ್ಜೆಂಟೀನ, ಉರುಗ್ವೆ ಒಂದಾಗಿ ಪರಾಗ್ವೆಯನ್ನು ನುಚ್ಚುನೂರು ಮಾಡಿದವು. 1872ರ ಒಪ್ಪಂದದಲ್ಲಿ ಹೊಸ ಗಡಿರೇಖೆಯನ್ನು ಮರಾಕಾಜು ಬೆಟ್ಟಸಾಲಿನ ಗುಂಟ ಜಲಪಾತದವರೆಗೆ ಎಳೆದರು. ಆದರೆ ಬೆಟ್ಟಸಾಲು ನದಿಯ ಸಮೀಪ ಕವಲೊಡೆಯುತ್ತದೆ. ಗಡಿ ಯಾವ ಕವಲಿನ ಮೇಲೆ ಹೋಗಬೇಕು? ಒಂದು ಕವಲನ್ನು ಹಿಡಿದರೆ ಜಲಪಾತ ಪೂರ್ತಿ ಬ್ರೆಜಿಲಿನದು, ಇನ್ನೊಂದನ್ನು ಹಿಡಿದರೆ ಪರಾಗ್ವೆಗೂ ಪಾಲು.

ಇಂಥ ಜಗಳಗಳು ದಶಕಗಟ್ಟಲೆ ಕಡತದಲ್ಲಿ ಮಲಗಿರುವುದುಂಟು. 1960ರ ದಶಕದಲ್ಲಿ ಬ್ರೆಜಿಲ್ ಇಲ್ಲಿ ವಿದ್ಯುತ್ ತಯಾರಿಸುವ ಯೋಚನೆ ಮಾಡಿದಾಗ ಇದು ಎದ್ದು ಕೂತಿತು. 1965ರಲ್ಲಿ ಬ್ರೆಜಿಲಿನ ಸೈನಿಕರು ವಿವಾದದ ಜಾಗಕ್ಕೆ ಬಂದು ಬೀಡುಬಿಟ್ಟರು, ಪರಾಗ್ವೆ ಕೂಗೆಬ್ಬಿಸಿತು. ಕೊನೆಗೆ 1966ರ ಜೂನ್ 22ರಂದು ಎರಡು ದೇಶಗಳ ವಿದೇಶಾಂಗ ಸಚಿವರು ಕೂತು, ಗಡಿಯ ಮಾತನ್ನು ಪಕ್ಕಕ್ಕಿಟ್ಟು, ನದಿಯ ಶಕ್ತಿಯನ್ನು ಸಮಪಾಲು ಹಂಚಿಕೊಳ್ಳುವುದೆಂದು ತೀರ್ಮಾನಿಸಿದರು. 1973ರಲ್ಲಿ ಇಟೈಪು ಒಪ್ಪಂದವಾಯಿತು. ಅಣೆಕಟ್ಟಿಗೆ ಆರಿಸಿದ ಸ್ಥಳ ಜಲಪಾತದಿಂದ ಸುಮಾರು 170 ಕಿಲೋಮೀಟರ್ ಕೆಳಗೆ. ಅದರ ಹಿನ್ನೀರು ಜಲಪಾತವನ್ನೂ ವಿವಾದದ ಜಾಗದ ಬಹುಭಾಗವನ್ನೂ ಮುಳುಗಿಸುವಂತಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಇಬ್ಬರ ರಾಜಿಯೇ ಮೂರನೆಯದಕ್ಕೆ ಮುಳುವಾಯಿತು. ಎರಡೂ ದೇಶಗಳಲ್ಲಿ ಆಗ ಸೇನಾಧಿಕಾರಿಗಳ ಆಡಳಿತ. ಬೇಡವೆನ್ನುವವರ ದನಿಗೆ ಬೆಲೆಯಿರಲಿಲ್ಲ.

ಜಲಪಾತವನ್ನು ಕೊಡಬೇಕಾಗಿ ಬಂದದ್ದಕ್ಕೆ ಸಿಕ್ಕ ಪ್ರತಿಫಲ ಸಣ್ಣದೇನಲ್ಲ, ಅದನ್ನೂ ಹೇಳಬೇಕು. ಇಪ್ಪತ್ತು ಯಂತ್ರಗಳ ಇಟೈಪು 14,000 ಮೆಗಾವಾಟ್ ಸಾಮರ್ಥ್ಯದ್ದು. ಪರಾಗ್ವೆಯಂಥ ಬಡ ದೇಶಕ್ಕೆ ತನ್ನ ಪಾಲಿನ ವಿದ್ಯುತ್ತನ್ನು ಬಳಸಿ ಮುಗಿಸಲಾಗದೆ ನೆರೆಯವರಿಗೆ ಮಾರುವಷ್ಟು ಸಿಕ್ಕಿತು. ಆದರೆ ಸಾವಿರಾರು ರೈತ ಕುಟುಂಬಗಳು ನೆಲ ಬಿಟ್ಟವು. ನದಿಯ ದಂಡೆಯನ್ನೇ ನಂಬಿದ್ದ ಅವಾ ಗ್ವಾರಾನಿ ಮೂಲನಿವಾಸಿಗಳಂತೂ ದಿಕ್ಕೆಟ್ಟರು. ಅವರಿಗಾಗಿ 3,000 ಹೆಕ್ಟೇರು ಭೂಮಿ ಕೊಳ್ಳುವ ಒಪ್ಪಂದ ಬ್ರೆಜಿಲಿನಲ್ಲಿ ಆದದ್ದು 2025ರಲ್ಲಿ! ಇಟೈಪು ಎಂಬುದೂ ಅವರ ಭಾಷೆಯದೇ ಪದ; ನಾದಗೈಯುವ ಕಲ್ಲು ಎಂದು ಅದರ ಅರ್ಥ.

1981ರಲ್ಲಿ ರಾಷ್ಟ್ರೀಯ ಉದ್ಯಾನವನ್ನು ಸರ್ಕಾರಿ ಆಜ್ಞೆಯಿಂದ ರದ್ದು ಮಾಡಿದರು. ಕಡೆಯ ಬಾರಿ ನೋಡಿಬಿಡೋಣವೆಂದು ಜನ ಹಿಂಡು ಹಿಂಡಾಗಿ ಬಂದರು. 1982ರ ಜನವರಿ 17ರಂದು ಜನರ ಭಾರಕ್ಕೆ ಒಂದು ತೂಗುಸೇತುವೆ ಹರಿದುಬಿದ್ದು 32 ಮಂದಿ ಸತ್ತರು. ಅದೇ ವರ್ಷ ಬ್ರೆಜಿಲಿನ ಹಿರಿಯ ಕವಿ ಕಾರ್ಲೋಸ್ ಡ್ರುಮೊಂಡ್ ಡಿ ಆಂಡ್ರಾಡೆ ಜಲಪಾತಕ್ಕೆ ವಿದಾಯ ಹೇಳುವ ಕವಿತೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಟೋಬರ್ 13ರಂದು ಅಣೆಕಟ್ಟಿನ ಬಾಗಿಲು ಮುಚ್ಚಿತು. ನೀರು ಏರುತ್ತಿದ್ದಂತೆ ದೋಣಿಗಳಲ್ಲಿ ತಿರುಗಿ 36,000ಕ್ಕೂ ಹೆಚ್ಚು ಪ್ರಾಣಿಗಳನ್ನು ಹಿಡಿದು ಉಳಿಸಿದರು. ಹದಿನಾಲ್ಕೇ ದಿನಗಳಲ್ಲಿ ಜಲಾಶಯ ತುಂಬಿತು, ಹದಿನೆಂಟು ಧಾರೆಗಳೂ ನಿಶ್ಶಬ್ದವಾದವು.

ನಮ್ಮ ಜೋಗವೂ ವಿದ್ಯುತ್ತಿಗೆ ಬೆಲೆ ತೆತ್ತದ್ದೇ ಅಲ್ಲವೆ ಎಂದು ಕೇಳಬಹುದು. ಹೌದು. 1948ರಲ್ಲಿ ಅಲ್ಲಿ ವಿದ್ಯುದಾಗಾರ ಆರಂಭವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಆದರೆ ಲಿಂಗನಮಕ್ಕಿ ಇರುವುದು ಜೋಗಕ್ಕಿಂತ ಮೇಲೆ. ಅದು ನೀರನ್ನು ತಡೆಯಿತೇ ಹೊರತು ಬಂಡೆಯನ್ನು ಮುಳುಗಿಸಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಸೊರಗುವ ರಾಜ, ರಾಣಿ, ರೋರರ್, ರಾಕೆಟ್‌ಗಳು ಒಳ್ಳೆಯ ಮಳೆಗಾಲದಲ್ಲಿ ಮತ್ತೆ ಮೈದುಂಬುತ್ತವೆ. ಇಟೈಪು ಕಟ್ಟಿದ್ದು ಜಲಪಾತದ ಕೆಳಗೆ. ಅಲ್ಲಿ ಮಳೆ ಹೆಚ್ಚಾದರೆ ಬಂಡೆಯ ಮೇಲಿನ ನೀರು ಇನ್ನಷ್ಟು ಆಳವಾಗುತ್ತದೆ, ಅಷ್ಟೆ.

ಪರಾನಾಕ್ಕೆ ಇಟೈಪುವಿನ ಕೆಳಗೆ ಬಂದು ಸೇರುವ ಉಪನದಿಯಲ್ಲಿರುವ ಇಗ್ವಾಸು ಜಲಪಾತಕ್ಕೆ ಈ ಹಿನ್ನೀರು ತಟ್ಟಲಿಲ್ಲ. ಅದರ ಅರ್ಜೆಂಟೀನದ ಭಾಗ 1984ರಲ್ಲಿ, ಬ್ರೆಜಿಲಿನ ಭಾಗ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗಳೀಗ ಅಲ್ಲಿಗೆ ಹೋಗುತ್ತಾರೆ. ಗ್ವಾಯಿರಾದ ಬಳಿ ಸಮತಟ್ಟಾದ ನೀರಿನ ಮೇಲೆ 1998ರಲ್ಲಿ ಮೂರೂವರೆ ಕಿಲೋಮೀಟರಿಗೂ ಉದ್ದದ ಸೇತುವೆಯಾಗಿದೆ. ಲಾರಿ, ಬಸ್ಸುಗಳು ಅದರ ಮೇಲೆ ನದಿ ದಾಟುತ್ತವೆ.