ಸಹ್ಯಾದ್ರಿಯ ಘಾಟಿಗಳು ಮತ್ತು ಮಂಗಳೂರಿನ ಚರಿತ್ರೆ

ಮಂಗಳೂರು ಸೀಮೆಯ ಚರಿತ್ರೆಯನ್ನು ಹೇಳುವಾಗ ಸಹ್ಯಾದ್ರಿಯನ್ನು ಒಂದು ಗೋಡೆಯೆಂದು ವರ್ಣಿಸುವುದು ವಾಡಿಕೆಯಾಗಿದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಬೆಟ್ಟ. ಇವೆರಡರ ನಡುವೆ ತುಳುನಾಡು ತನ್ನ ಭಾಷೆಯನ್ನೂ ಅಳಿಯಸಂತಾನದ ಕಟ್ಟಳೆಯನ್ನೂ ಬೇರೆಯಾಗಿಯೇ ಉಳಿಸಿಕೊಂಡಿತೆಂಬುದು ಈ ವಾದದ ಸಾರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಗೋಡೆಯನ್ನು ಕಂಡವರು ಅದರ ಬಾಗಿಲುಗಳನ್ನು ಎಣಿಸಲಿಲ್ಲವೆಂದು ನಮಗೆ ತೋರುತ್ತದೆ.

ಗೋಡೆಯೇನೋ ಎತ್ತರವಾದುದೇ. ಕಡಲ ಮೇಲಿನ ನಾವಿಕರಿಗೆ ಗುರುತಾಗಿದ್ದ ಕುದುರೆಮುಖದ ಎತ್ತರ ಸುಮಾರು 1,890 ಮೀಟರು. ಮುಂಗಾರಿನ ಮೋಡಗಳು ಈ ಶ್ರೇಣಿಗೆ ತಾಗಿ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಸುತ್ತವೆ. ಗಂಗಾಮೂಲದ ಆಸುಪಾಸಿನಲ್ಲಿ ಹುಟ್ಟುವ ತುಂಗೆ ಭದ್ರೆಯರು ಮೂಡಲಿಗೆ ಹರಿದರೆ, ಅದೇ ಸೀಮೆಯ ನೇತ್ರಾವತಿ ಪಡುವಲಿಗೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿಗೆ ಬರುತ್ತದೆ. ಈ ಹೊಳೆಯಲ್ಲಿ ದೋಣಿಗಳು ಬಂಟ್ವಾಳದವರೆಗೆ ಸರಕನ್ನು ಒಯ್ಯುತ್ತಿದ್ದವು. ಅಲ್ಲಿಂದ ಮುಂದೆ ಹೇರೆತ್ತುಗಳ ದಾರಿ. ಉಪ್ಪು, ಒಣಮೀನು ಘಟ್ಟ ಹತ್ತಿದವು. ಮೆಣಸು, ಏಲಕ್ಕಿ, ಮುಂದೆ ಕಾಫಿ ಇಳಿದವು. ಬಂಟ್ವಾಳದ ಪೇಟೆ ಬೆಳೆದುದು ಈ ಘಟ್ಟದ ವ್ಯಾಪಾರದಿಂದ.

ರಾಜಕೀಯದಲ್ಲಿಯೂ ಹೀಗೆಯೇ. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಘಟ್ಟವನ್ನೇರಿ, ಇಮ್ಮಡಿ ದೇವರಾಯನ ವಿಜಯನಗರವನ್ನು ಸೇರಿದನು. ಅಮರಸುಳ್ಯವು ಘಟ್ಟದ ಕೆಳಗಿದ್ದೂ 1834ರವರೆಗೆ ಮೇಲಿನ ಕೊಡಗಿನ ಅರಸರದಾಗಿತ್ತು. ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕೊಡಬೇಕಾಗಿ ಬಂದುದು 1837ರ ದಂಗೆಗೆ ಒಂದು ಕಾರಣ.

ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ 1783ರದು. ಆ ವರ್ಷದ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಹೊಸಂಗಡಿ ಘಾಟಿಯನ್ನು ಹತ್ತಿ ಬಿದನೂರನ್ನು ಹಿಡಿದನು. ಮಾರ್ಚಿಯಲ್ಲಿ ಮಂಗಳೂರೂ ಬ್ರಿಟಿಷರ ವಶವಾಯಿತು. ಬಂದರು ಅವರದು, ಹಡಗುಗಳೂ ಅವರವು. ಟಿಪ್ಪುವಾದರೋ ಏಪ್ರಿಲಿನಲ್ಲಿ ಘಾಟಿಗಳನ್ನು ಹಿಡಿದು, ಬಿದನೂರಿಗೂ ಕರಾವಳಿಗೂ ಇದ್ದ ಸಂಪರ್ಕವನ್ನು ಕಡಿದುಹಾಕಿದನು. ಮ್ಯಾಥ್ಯೂಸನು ಶರಣಾದನು, ಮೇ ತಿಂಗಳಿಂದ ಮುತ್ತಿಗೆಗೊಳಗಾದ ಮಂಗಳೂರು ಕೋಟೆಯು 1784ರ ಜನವರಿಯಲ್ಲಿ ಬಿದ್ದಿತು. ಬೆನ್ನ ಹಿಂದಿನ ಘಾಟಿ ಕೈತಪ್ಪಿದ ಮೇಲೆ ಬಂದರು ಹೆಚ್ಚು ದಿನ ನಿಲ್ಲಲಾರದು. ನಮ್ಮ ತರಗತಿಗಳಲ್ಲಿ 1784ರ ಮಂಗಳೂರು ಒಪ್ಪಂದವನ್ನು ಬಾಯಿಪಾಠ ಮಾಡಿಸುತ್ತೇವೆ. ಹೊಸಂಗಡಿಯನ್ನು ನಕಾಶೆಯಲ್ಲಿ ತೋರಿಸುವುದು ಅಪರೂಪ.

1979ರಲ್ಲಿ ಮಂಗಳೂರು–ಹಾಸನ ರೈಲುಮಾರ್ಗವು ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. 2018ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ಶಿರಾಡಿ, ಸಂಪಾಜೆಗಳ ರಸ್ತೆಗಳೂ ಈ ರೈಲುಮಾರ್ಗವೂ ಒಟ್ಟಿಗೆ ಮುಚ್ಚಿದಾಗ, ಬೆಂಗಳೂರಿಗೆ ಹೊರಟ ವಾಹನಗಳು ಚಾರ್ಮಾಡಿಯ ಇಕ್ಕಟ್ಟಾದ ತಿರುವುಗಳಲ್ಲಿ ಸಾಲುಗಟ್ಟಿ ನಿಂತವು.