ಮುದ್ರಣಕ್ಕೆ ಬಾರದ ಅಕ್ಷರಗಳು

ಹಸ್ತಪ್ರತಿಯ ಅಂಚಿನಲ್ಲಿ ಲೇಖಕನು ತನಗಾಗಿಯೋ ಮೊಳೆ ಜೋಡಿಸುವವನಿಗಾಗಿಯೋ ಬರೆದಿಟ್ಟ ಸೂಚನೆಗಳನ್ನು ಮುದ್ರಣಾಲಯದವರು ತಾವೇ ವಿವೇಚಿಸಿ ಅಚ್ಚಿನಿಂದ ಹೊರಗಿಡುತ್ತಿದ್ದರು. ಗಣಕಯಂತ್ರಕ್ಕೆ ಅಂತಹ ವಿವೇಚನೆ ಇಲ್ಲವಾದುದರಿಂದ, ಓದುಗನಿಗೆ ಸಲ್ಲಬೇಕಾದುದು ಯಾವುದು, ಯಂತ್ರಕ್ಕೆ ಸಲ್ಲಬೇಕಾದುದು ಯಾವುದು ಎಂಬುದನ್ನು ಅದಕ್ಕೆ ಅರುಹುವ ಸಂಕೇತವೊಂದು ಬೇಕಾಯಿತು.

1964ರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟಿಗಾಗಿ ವ್ಯಾಸಂಗಮಾಡುತ್ತಿದ್ದ ಜೆರೋಮ್ ಸಾಲ್ಟ್ಜರ್ ರಚಿಸಿದ ‘ರನಾಫ್’ ಎಂಬ ಕ್ರಮವಿಧಿಯಲ್ಲಿ ಈ ಸಂಕೇತವು ಒಂದು ಚುಕ್ಕೆಯ ರೂಪವನ್ನು ತಾಳಿತು. ಸಾಲಿನ ಮೊದಲಲ್ಲಿಯೇ ಚುಕ್ಕೆ ಬಂದರೆ ಆ ಸಾಲು ಯಂತ್ರಕ್ಕೆ ಕೊಟ್ಟ ಆಜ್ಞೆ. ಯಂತ್ರವು ಅದನ್ನು ಪಾಲಿಸುವುದೇ ಹೊರತು ಕಾಗದದ ಮೇಲೆ ಮೂಡಿಸುವುದಿಲ್ಲ. 1978ರ ಸುಮಾರಿಗೆ ಸೀಮೂರ್ ರೂಬಿನ್‌ಸ್ಟೀನ್‌ರ ಮೈಕ್ರೊಪ್ರೊ ಸಂಸ್ಥೆಗಾಗಿ ರಾಬ್ ಬಾರ್ನಬಿ ಬರೆದ ವರ್ಡ್‌ಸ್ಟಾರ್, ನಮ್ಮ ಊರುಗಳ ಗಣಕ ತರಬೇತಿ ಕೇಂದ್ರಗಳಲ್ಲಿಯೂ ಬಹುಕಾಲ ಪಾಠವಾಗಿದ್ದ ತಂತ್ರಾಂಶ, ಈ ಚುಕ್ಕೆಯ ಸಂಪ್ರದಾಯವನ್ನು ಮುಂದುವರಿಸಿ ಅದಕ್ಕೊಂದು ಮಾನವೀಯ ಪ್ರಯೋಜನವನ್ನೂ ಕೂಡಿಸಿತು. ಸಾಲಿನ ಆರಂಭದಲ್ಲಿ ಎರಡು ಚುಕ್ಕೆಗಳನ್ನಿಟ್ಟು ಬರೆದುದು ಯಾವ ಆಜ್ಞೆಯೂ ಆಗದೆ ಬರಿಯ ಟಿಪ್ಪಣಿಯಾಗಿ ಉಳಿಯುತ್ತಿತ್ತು. ತೆರೆಯ ಮೇಲೆ ಕಾಣುತ್ತಿತ್ತು, ಅಚ್ಚಿನಲ್ಲಿ ಇರುತ್ತಿರಲಿಲ್ಲ. ಇನ್ನೂ ನಿರ್ಧರಿಸದ ವಾಕ್ಯವನ್ನು, ಪರಿಶೀಲಿಸಬೇಕಾದ ಇಸವಿಯನ್ನು, ಅದು ಸೇರಬೇಕಾದ ಎಡೆಯಲ್ಲಿಯೇ ಬರೆದಿಡುವ ಈ ಸೌಕರ್ಯವನ್ನು ಬರೆವಣಿಗೆಯ ಇತಿಹಾಸದಲ್ಲಿ ಅಲ್ಪವಾದುದೆಂದು ನಾನು ಎಣಿಸಲಾರೆ.

ಅಚ್ಚಿನಲ್ಲಿ ಬರುವಂತೆಯೇ ತೆರೆಯ ಮೇಲೂ ಪುಟವನ್ನು ತೋರಿಸುವ ‘ಬ್ರಾವೊ’ವನ್ನು 1974ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ನಿರ್ಮಿಸಿದವರಲ್ಲೊಬ್ಬರಾದ ಚಾರ್ಲ್ಸ್ ಸಿಮೊನ್ಯಿ, ಮುಂದೆ ಮೈಕ್ರೊಸಾಫ್ಟ್ ಸೇರಿ, 1983ರಲ್ಲಿ ಹೊರಬಂದ ವರ್ಡ್ ತಂತ್ರಾಂಶಕ್ಕೆ ಆಧಾರಪುರುಷರಾದರು. ವರ್ಡ್‌ನಲ್ಲಿ ಮರೆಯಾಗಿರುವುದೆಂಬುದು ದಪ್ಪಕ್ಷರ, ಓರೆಯಕ್ಷರಗಳಂತೆ ಅಕ್ಷರದ ಒಂದು ಗುಣವೇ ಆಯಿತು. ಬೇಕಾದ ಪದಗಳನ್ನು ಆಯ್ದು ‘ಹಿಡನ್’ ಎಂದು ಗುರುತಿಸಿದರೆ ಅವು ಮಾಯವಾಗುವುವು. ಮರೆಯಾದುದನ್ನು ತೋರೆಂದು ಕೇಳಿದಾಗ ಅಡಿಯಲ್ಲಿ ಚುಕ್ಕೆಗಳ ಗೆರೆಯನ್ನು ಹೊತ್ತು ಮರಳುವುವು. ಉಪಾಧ್ಯಾಯನು ಪ್ರಶ್ನಪತ್ರಿಕೆಯನ್ನೂ ಉತ್ತರಗಳನ್ನೂ ಒಂದೇ ಕಡತದಲ್ಲಿ ಇರಿಸಿ, ಒಮ್ಮೆ ಉತ್ತರಗಳಿಲ್ಲದೆ, ಇನ್ನೊಮ್ಮೆ ಉತ್ತರಸಹಿತವಾಗಿ ಅಚ್ಚುಮಾಡಿಕೊಳ್ಳಬಹುದು. ಗ್ರಂಥಗಳ ಅಕಾರಾದಿ ಸೂಚಿಗಾಗಿ ಪದಗಳ ಪಕ್ಕದಲ್ಲಿ ಇಡುವ ಗುರುತುಗಳೂ ಹೀಗೆಯೇ ಅಡಗಿರುತ್ತವೆ. ಅಡಗಿದುದನ್ನು ತೆರೆಯ ಮೇಲೆ ತೋರಿಸಿಟ್ಟುಕೊಂಡೇ ಸೂಚಿಯನ್ನು ಸಿದ್ಧಪಡಿಸಿದರೆ ಅದೂ ಸ್ಥಳವನ್ನು ಆಕ್ರಮಿಸುವುದರಿಂದ ಪುಟಗಳು ಬೆಳೆದು, ಸೂಚಿಯಲ್ಲಿನ ಪುಟಸಂಖ್ಯೆಗಳು ಅಚ್ಚಾದ ಪುಸ್ತಕಕ್ಕೆ ಹೊಂದದೆ ಹೋಗುವುವು.

ಈ ಸಕಲ ವ್ಯವಸ್ಥೆಯೂ ಓದುಗನ ಕೈಗೆ ಸೇರುವುದು ಕಾಗದವೇ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಕಡತವೇ ಒಬ್ಬರಿಂದ ಒಬ್ಬರಿಗೆ ಹೋಗತೊಡಗಿದಾಗ ಆ ನಂಬಿಕೆ ಕುಸಿಯಿತು; ಮರೆಮಾಡುವುದನ್ನು ಅಳಿಸುವುದೆಂದೇ ಭ್ರಮಿಸಿದವರಲ್ಲಿ ರಾಜ್ಯಗಳನ್ನು ಆಳುವವರೂ ಇದ್ದರು. ಇರಾಕಿನ ಕುರಿತು ಬ್ರಿಟಿಷ್ ಸರ್ಕಾರವು 2003ರಲ್ಲಿ ವರ್ಡ್ ಕಡತವಾಗಿ ಪ್ರಕಟಿಸಿದ ದಸ್ತಾವೇಜಿನೊಳಗೆ ಅದನ್ನು ತಿದ್ದಿದವರ ಹೆಸರುಗಳು ಅಡಗಿದ್ದು ಬಯಲಾದುವು. 2005ರಲ್ಲಿ ಬಾಗ್ದಾದಿನ ತಪಾಸಣಾ ಠಾಣೆಯೊಂದರ ಬಳಿ ಗುಂಡೇಟಿಗೆ ಬಲಿಯಾದ ಇಟಲಿಯ ಅಧಿಕಾರಿ ನಿಕೋಲಾ ಕಲಿಪಾರಿಯವರ ಮರಣವನ್ನು ಕುರಿತ ಅಮೆರಿಕೆಯ ಸೈನ್ಯದ ವರದಿಯಲ್ಲಿ ಗೋಪ್ಯಭಾಗಗಳ ಮೇಲೆ ಕರಿಯ ಪಟ್ಟಿಗಳನ್ನು ಹಾಯಿಸಲಾಗಿತ್ತು. ಆ ಭಾಗವನ್ನು ಆಯ್ದು ಬೇರೆಡೆ ನಕಲಿಸಿದವರಿಗೆ ಅಡಿಯಲ್ಲಿದ್ದ ಅಕ್ಷರಗಳೆಲ್ಲವೂ ಯಥಾವತ್ತಾಗಿ ದೊರೆತುವು.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕೆಯ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಸಿದ್ಧಪಡಿಸಿದ ಮಾರ್ಗದರ್ಶಿಯು, ರಹಸ್ಯಪದಗಳನ್ನು ಮೊದಲು ಕಡತದಿಂದಲೇ ತೆಗೆದುಹಾಕಬೇಕೆಂದೂ, ಸಾಲುಗಳ ವಿನ್ಯಾಸ ಕೆಡಬಾರದಾದಲ್ಲಿ ಅವುಗಳ ಎಡೆಯಲ್ಲಿ ಅರ್ಥಶೂನ್ಯವಾದ ಅಕ್ಷರಗಳನ್ನು ತುಂಬಬೇಕೆಂದೂ ವಿಧಿಸಿತು.